ಗಿಡದ ನೆತ್ತಿಗೆ ಕತ್ತರಿ: ಎಲ್ಲಿ, ಯಾವಾಗ, ಎಷ್ಟು? ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಅಂಕಣಕ್ಕೆ ಬಂದ ಕಾಗದಗಳಲ್ಲಿ ಈ ಸಲ ಒಂದೇ ದೂರು ಹೆಚ್ಚು: ಗಿಡ ಮೇಲಕ್ಕೆ ಹೋಗಿದೆ, ಕೆಳಗೆ ಬೋಳಾಗಿದೆ, ಹೂವು ಕಾಯಿ ಕೈಗೆ ಸಿಗುತ್ತಿಲ್ಲ. ಅವನ್ನೆಲ್ಲ ಒಟ್ಟಿಗೆ ತೆಗೆದುಕೊಂಡಿದ್ದೇವೆ.

ಪ್ರಶ್ನೆ: ಮನೆ ಮುಂದಿನ ಕೆಂಪು ದಾಸವಾಳ 9 ಅಡಿ ಆಗಿದೆ. ದೇವರಿಗೆ ಹೂವು ಕೊಯ್ಯಲು ದೋಟಿ ಬೇಕು. ಕೆಳಗಿನ 4 ಅಡಿ ಬರೀ ಕೋಲು. ಕಳೆದ ವರ್ಷ ತುದಿ ಸವರಿದೆ, ಮೇಲೇ ಗುಂಪಾಗಿ ಚಿಗುರಿತು. ಇನ್ನೂ ಕತ್ತರಿಸಿದರೆ ಹೂವೇ ನಿಂತುಹೋಗುತ್ತದೆ ಎನ್ನುತ್ತಾರೆ ಮನೆಯವರು. ಏನು ಮಾಡಲಿ? (ಮೈಸೂರು)

ಉತ್ತರ: ಕತ್ತರಿಸಿ, ಭಯ ಬೇಡ. ದಾಸವಾಳ ಮೊಗ್ಗು ಕಟ್ಟುವುದು ಹೊಸ ಟಿಸಿಲಿನಲ್ಲಿ, ಎಲೆಯ ಕಂಕುಳಲ್ಲಿ. ಕಂದು ಬಣ್ಣಕ್ಕೆ ತಿರುಗಿದ ಹಳೆಯ ಕೋಲಿನಲ್ಲಿ ಹೂವನ್ನು ನಿರೀಕ್ಷಿಸಬೇಡಿ. ಟಿಸಿಲು ಹೆಚ್ಚಾದಷ್ಟೂ ಹೂವು ಹೆಚ್ಚು. ಕತ್ತರಿಸಿದ ಮೇಲೆ ಆರೆಂಟು ವಾರ ಹೂವು ಕಡಿಮೆಯಾಗುತ್ತದೆ; ಮನೆಯವರ ಮಾತಿನಲ್ಲಿ ಅಷ್ಟು ಸತ್ಯವಿದೆ.

ಗಿಡ ಕೋಲಾಗುವುದು ಏಕೆಂದು ತಿಳಿದರೆ ಮುಂದಿನ ಉತ್ತರಗಳೂ ಸುಲಭವಾಗುತ್ತವೆ. ತುದಿಯ ಕುಡಿಯಲ್ಲಿ ಆಕ್ಸಿನ್ ಎಂಬ ಚೋದಕ ತಯಾರಾಗುತ್ತದೆ. ಅದು ಕಾಂಡದೊಳಗೆ ಕೆಳಕ್ಕಿಳಿಯುತ್ತ ಪಕ್ಕದ ಕಣ್ಣುಗಳನ್ನು ಏಳಗೊಡದೆ ಮಲಗಿಸಿಡುತ್ತದೆ. ಎಲೆ ತಯಾರಿಸಿದ ಸಕ್ಕರೆಯಲ್ಲೂ ಬೆಳೆಯುವ ಕುಡಿಯದೇ ದೊಡ್ಡ ಪಾಲು. ಕುಡಿ ಹೋಯಿತೆಂದರೆ ಈ ಎರಡೂ ಹಿಡಿತ ಸಡಿಲಗೊಂಡು ಕತ್ತರಿಸಿದ ಜಾಗದ ಕೆಳಗಿನ ಎರಡು, ಮೂರು, ಹೆಚ್ಚೆಂದರೆ ನಾಲ್ಕು ಕಣ್ಣುಗಳು ಒಡೆಯುತ್ತವೆ. ಅದಕ್ಕಿಂತ ಕೆಳಗಿನವು ಹಾಗೇ ಮಲಗಿರುತ್ತವೆ, ಏಕೆಂದರೆ ಈಗ ಒಡೆದ ಚಿಗುರುಗಳೇ ಹೊಸ ಯಜಮಾನರು. ನೀವು ತುದಿಯ ಒಂದಡಿ ಸವರಿದ್ದಕ್ಕೆ 8 ಅಡಿ ಎತ್ತರದಲ್ಲಿ ಪೊರಕೆ ಎದ್ದದ್ದು ಇದರಿಂದ. ಪೊದೆ ಎಲ್ಲಿಂದ ಶುರುವಾಗಬೇಕೋ ಅಲ್ಲಿಗೇ ಕತ್ತರಿ ಇಳಿಯಬೇಕು.

ಒಂದೇ ದಿನ ಎಲ್ಲವನ್ನೂ ಮೊಳಕಾಲುದ್ದಕ್ಕೆ ತರಬೇಡಿ. ಗಿಡದಲ್ಲಿ ಆರು ಕೋಲುಗಳಿದ್ದರೆ ಅತಿ ಹಳೆಯ, ದಪ್ಪನೆಯ ಎರಡನ್ನು ಮೊದಲು ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಅವುಗಳ ಚಿಗುರು ನಾಲ್ಕೈದು ಇಂಚು ಬಂದಾಗ, ಅಂದರೆ ಸುಮಾರು ಆರು ವಾರದ ನಂತರ, ಇನ್ನೆರಡು. ಮತ್ತೆ ಅಷ್ಟೇ ಕಾಲ ಬಿಟ್ಟು ಉಳಿದೆರಡು. ಹೀಗೆ ಮಾಡಿದರೆ ಬೇರಿಗೆ ಊಟ ಕಳಿಸುವಷ್ಟು ಎಲೆ ಯಾವಾಗಲೂ ಗಿಡದ ಮೇಲಿರುತ್ತದೆ, ಪೂಜೆಯ ಹೂವೂ ಪೂರ್ತಿ ತಪ್ಪುವುದಿಲ್ಲ. ಹೊರಮುಖವಾಗಿರುವ ಕಣ್ಣು ನೋಡಿ, ಅದರ ಮೇಲೆ ಕಾಲು ಇಂಚು ಬಿಟ್ಟು, ನೀರು ಕಣ್ಣಿನ ಕಡೆಗೆ ಇಳಿಯದಂತೆ ತುಸು ಓರೆಯಾಗಿ ಕತ್ತರಿಸಿ. ಒಳಮುಖದ ಕಣ್ಣಿನ ಮೇಲೆ ಕತ್ತರಿಸಿದರೆ ಟಿಸಿಲುಗಳು ನಡುವಿಗೇ ನುಗ್ಗಿ ಒಂದಕ್ಕೊಂದು ಹೆಣೆದುಕೊಳ್ಳುತ್ತವೆ.

ಕೆಲಸ ಇಲ್ಲಿಗೆ ಅರ್ಧ. ಹೊಸ ಟಿಸಿಲು ಒಂದು ಗೇಣು ಬಂದಾಗ ಅದರ ತುದಿಯ ಒಂದಿಂಚನ್ನು ಉಗುರಿನಲ್ಲಿ ಚಿವುಟಿ. ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. ಎರಡು ಸುತ್ತು ಚಿವುಟಿದ ಮೇಲೆ ನಿಲ್ಲಿಸಿ. ಚಿವುಟುತ್ತಲೇ ಇದ್ದರೆ ಮೊಗ್ಗೂ ಹೋಗುತ್ತದೆ. ಮೈಸೂರಿನ ಹವೆಗೆ ಫೆಬ್ರುವರಿ ಕೊನೆ ಅಥವಾ ಜೂನ್ ಮೊದಲು ಒಳ್ಳೆಯ ಸಮಯ. ಏಪ್ರಿಲ್ ಬಿಸಿಲಿನಲ್ಲಿ ಎಲೆ ತೆಗೆದರೆ ಇದುವರೆಗೆ ನೆರಳಿನಲ್ಲಿದ್ದ ತೊಗಟೆ ಸುಟ್ಟು ಸೀಳುತ್ತದೆ. ಬುಡಕ್ಕೆ ಎರಡು ಬುಟ್ಟಿ ಕೊಳೆತ ಕೊಟ್ಟಿಗೆ ಗೊಬ್ಬರ ಸಾಕು. ಯೂರಿಯಾ ಸುರಿದರೆ ಚಿಗುರು ಎಳಸಾಗಿ, ಗಿಣ್ಣು ದೂರ ದೂರವಾಗಿ, ಮತ್ತೆ ಕೋಲೇ. ಮುದುಡಿದ, ಬಿಳಿ ಹಿಟ್ಟು ತಿಗಣೆ ಅಂಟಿದ ತುದಿಗಳನ್ನು ಗಿಡದ ಬುಡದಲ್ಲೇ ಬಿಸಾಡಬೇಡಿ. ಇರುವೆಗಳು ಆ ತಿಗಣೆಯನ್ನು ಹೊತ್ತು ಹೊಸ ಚಿಗುರಿಗೇ ತಲುಪಿಸುತ್ತವೆ.

ಪ್ರಶ್ನೆ: ನನ್ನ ತುಳಸಿ ಎರಡೂವರೆ ಅಡಿ ಬೆಳೆದು ಬರೀ ಕದಿರು ಬಿಟ್ಟಿದೆ. ಎಲೆ ಸಣ್ಣದಾಗಿದೆ. (ಚಿತ್ರದುರ್ಗ)

ಉತ್ತರ: ಕದಿರು ಬಲಿತು ಬೀಜ ಕಟ್ಟಿದರೆ ತುಳಸಿ ತನ್ನ ಕೆಲಸ ಮುಗಿಯಿತೆಂದು ಒಣಗಲು ಶುರುಮಾಡುತ್ತದೆ. ಕದಿರನ್ನಷ್ಟೇ ಕಿತ್ತರೆ ಸಾಲದು. ಅದರ ಕೆಳಗಿನ ಎರಡು ಜೊತೆ ಎಲೆಗಳನ್ನೂ ಸೇರಿಸಿ ಕತ್ತರಿಸಿ. ತುಳಸಿಯ ಎಲೆಗಳು ಎದುರುಬದುರು ಇರುವುದರಿಂದ ಪ್ರತಿ ಕಡೆಯೂ ಎರಡೆರಡು ಟಿಸಿಲು ಬರುತ್ತದೆ. ಒಂದೂ ಹಸಿರೆಲೆ ಇಲ್ಲದ ಕಟ್ಟಿಗೆಯ ಭಾಗಕ್ಕೆ ಮಾತ್ರ ಇಳಿಯಬೇಡಿ, ಅಲ್ಲಿಂದ ಚಿಗುರುವುದು ಅಪರೂಪ. ಗಿಡ ಅಷ್ಟು ಹಳತಾಗಿದ್ದರೆ ಬೀಜ ಉದುರಿಸಿ ಹೊಸದು ಮಾಡಿಕೊಳ್ಳಿ.

ಪ್ರಶ್ನೆ: ಹಿತ್ತಲ ನುಗ್ಗೆ ಮೂರೇ ವರ್ಷಕ್ಕೆ ಮನೆಯ ಮಾಡು ದಾಟಿದೆ. ಕಾಯಿ ಎಲ್ಲ ತುದಿಯಲ್ಲಿ. ಗಾಳಿಗೆ ಎರಡು ಸಲ ಕೊಂಬೆ ಮುರಿದು ಹೆಂಚು ಒಡೆದಿದೆ. ಬುಡಸಮೇತ ಕಡಿಯುವುದೇ ಲೇಸೇ? (ಗುಬ್ಬಿ, ತುಮಕೂರು ಜಿಲ್ಲೆ)

ಉತ್ತರ: ಬುಡಸಮೇತ ಬೇಡ, ಎದೆಯೆತ್ತರಕ್ಕಿಂತ ಕೆಳಗೆ ಕಡಿಯಿರಿ. ಕಡಿತವನ್ನು ನುಗ್ಗೆಯಷ್ಟು ಸಲೀಸಾಗಿ ತಡೆದುಕೊಳ್ಳುವ ಮರ ನಮ್ಮ ಹಿತ್ತಲುಗಳಲ್ಲಿ ಕಡಿಮೆ. ಬೀಜದಿಂದ ಬೆಳೆಸುವ ಪಿಕೆಎಂ-1, ಭಾಗ್ಯದಂಥ ತಳಿಗಳಲ್ಲಿ ಕೊಯ್ಲು ಮುಗಿದ ಮೇಲೆ ಇಡೀ ಗಿಡವನ್ನು ನೆಲದಿಂದ ಸುಮಾರು 90 ಸೆಂಟಿಮೀಟರಿಗೆ ಕತ್ತರಿಸಿ ಕೂಳೆ ಬೆಳೆ ತೆಗೆಯುವುದೇ ರೂಢಿ. ಕಡಿದ ನಾಲ್ಕೈದು ತಿಂಗಳಿಗೆ ಮತ್ತೆ ಕಾಯಿ ಬರುತ್ತದೆ. ನಿಮ್ಮದು ಕೊಂಬೆ ನೆಟ್ಟು ಬೆಳೆಸಿದ ನಾಟಿ ಮರವಾದರೂ ಕ್ರಮ ಇದೇ, ಕಾಯಿಗೆ ಸ್ವಲ್ಪ ಹೆಚ್ಚು ಕಾಯಬೇಕು ಅಷ್ಟೆ.

ಮಚ್ಚಿನಿಂದ ಒಂದೇ ಏಟಿಗೆ ಉರುಳಿಸಬೇಡಿ. ನುಗ್ಗೆಯ ಕಟ್ಟಿಗೆ ಬೆಂಡು. ಬೀಳುವ ಭಾರಕ್ಕೆ ತೊಗಟೆ ಬುಡದವರೆಗೂ ಸಿಗಿದುಕೊಂಡು ಬರುತ್ತದೆ. ಮೊದಲು ಮೇಲಿನ ಕೊಂಬೆಗಳನ್ನು ಇಳಿಸಿ ಭಾರ ಕಳೆದು, ಆಮೇಲೆ ಬೊಡ್ಡೆಯನ್ನು ಗರಗಸದಲ್ಲಿ ಓರೆಯಾಗಿ ಕೊಯ್ಯಿರಿ. ಮಟ್ಟಸವಾಗಿ ಕೊಯ್ದರೆ ನಡುವಿನ ಮೆತ್ತನೆಯ ತಿರುಳಿನಲ್ಲಿ ನೀರು ನಿಂತು ಕೊಳೆ ಒಳಗಿಳಿಯುತ್ತದೆ. ಸುರಿಮಳೆಯ ದಿನಗಳನ್ನು ಬಿಟ್ಟು ಕೊಯ್ಯಬೇಕಾದದ್ದೂ ಇದಕ್ಕೇ. ಗಾಯಕ್ಕೆ ಬೋರ್ಡೋ ಮುಲಾಮು ಬಳಿಯಿರಿ (ಮಾಡುವ ಬಗೆ ಮಾವಿನ ಉತ್ತರದಲ್ಲಿದೆ).

ಎರಡು ಮೂರು ವಾರದಲ್ಲಿ ಹತ್ತು ಹದಿನೈದು ಮೊಳಕೆ ಏಳುತ್ತವೆ. ಎಲ್ಲರೂ ತಪ್ಪುವುದು ಇಲ್ಲಿಯೇ. ಎಲ್ಲವನ್ನೂ ಬಿಟ್ಟರೆ ಬೆಳಕಿಗಾಗಿ ಪೈಪೋಟಿ ಬಿದ್ದು ವರ್ಷದೊಳಗೆ ಹದಿನೈದು ಸಣಕಲು ಕೋಲು ಮಾಡು ಮುಟ್ಟುತ್ತವೆ. ನಾಲ್ಕು ದಿಕ್ಕಿಗೆ ನಾಲ್ಕೋ ಐದೋ ದಪ್ಪ ಮೊಳಕೆ ಉಳಿಸಿ, ಮಿಕ್ಕವನ್ನು ಎಳಸಾಗಿರುವಾಗಲೇ ಸಾರಿಗೆ ಕಿತ್ತುಕೊಳ್ಳಿ. ಉಳಿಸಿದವು ಎರಡಡಿ ದಾಟಿದಾಗ ತುದಿ ಚಿವುಟಿ, ಅವುಗಳ ಮರಿಗಳನ್ನು ಒಮ್ಮೆ ಚಿವುಟಿ. ಕಂಬಳಿಹುಳು ಬೊಡ್ಡೆಯ ಮೇಲೆ ಗುಂಪುಗೂಡುವ ಕಾಲದಲ್ಲೂ ಗಿಡ ಕುಳ್ಳಗಿದ್ದರೆ ನೋಡಿ ನಿವಾರಿಸುವುದು ಸುಲಭ.

ಹೊಸದಾಗಿ ಬೀಜ ಹಾಕುವವರಿಗೆ ಇಷ್ಟೆಲ್ಲ ರಗಳೆಯೇ ಇಲ್ಲ. ಸಸಿ 75 ಸೆಂಟಿಮೀಟರ್ ಆದಾಗ, ಅಂದರೆ ಬಿತ್ತಿದ ಎರಡು ಎರಡೂವರೆ ತಿಂಗಳಿಗೆ, ನೆತ್ತಿ ಚಿವುಟಿದರೆ ಸಾಕು. ಉಗುರು ಮಾಡುವ ಕೆಲಸವನ್ನು ಮುಂದಕ್ಕೆ ಹಾಕಿದವರು ಗರಗಸ ಕೊಳ್ಳಬೇಕಾಗುತ್ತದೆ.

ಪ್ರಶ್ನೆ: ಕುಂಡದ ಕರಿಬೇವು ನಾಲ್ಕಡಿಯ ಒಂಟಿ ಕೋಲು, ತುದಿಯಲ್ಲಿ ಮಾತ್ರ ಕೊಡೆಯಂತೆ ಎಲೆ. ಚಳಿಗಾಲಕ್ಕೆ ಒಳಗೆ ತರಲೇಬೇಕು. ಒಳಗೆ ತರುವ ಮೊದಲು ಕತ್ತರಿಸಲೇ? (ನ್ಯೂಜೆರ್ಸಿ, ಅಮೆರಿಕ)

ಉತ್ತರ: ಈಗ ಬೇಡ. ಚಳಿ ಮತ್ತು ಮಂದ ಬೆಳಕಿನಲ್ಲಿ ಕರಿಬೇವು ಅರೆನಿದ್ದೆಗೆ ಜಾರುತ್ತದೆ, ಎಲೆ ಹಳದಿಯಾಗಿ ಉದುರುವುದೂ ಉಂಟು. ಆ ಹೊತ್ತಿನಲ್ಲಿ ಕತ್ತರಿಸಿದರೆ ಚಿಗುರಲು ಬಲವಿಲ್ಲದೆ ಕೋಲು ಮೇಲಿನಿಂದ ಒಣಗುತ್ತ ಬರುತ್ತದೆ. ರಾತ್ರಿಯ ಉಷ್ಣತೆ 10 ಡಿಗ್ರಿ ಸೆಲ್ಸಿಯಸ್‌ಗೆ ಇಳಿಯುವ ಮೊದಲೇ ಒಳಗೆ ತಂದು, ಹೆಚ್ಚು ಬಿಸಿಲು ಬೀಳುವ ಕಿಟಕಿಯ ಬಳಿಯಿಟ್ಟು, ಮೇಲ್ಮಣ್ಣು ಎರಡಿಂಚು ಒಣಗಿದ ಮೇಲಷ್ಟೇ ನೀರು ಕೊಡಿ. ನಿದ್ದೆಯಲ್ಲಿರುವ ಗಿಡ ಸಾಯುವುದು ಬಾಯಾರಿಕೆಯಿಂದಲ್ಲ, ನೀರು ಹೆಚ್ಚಾಗಿ ಬೇರು ಕೊಳೆತು.

ಮಾರ್ಚ್ ಏಪ್ರಿಲ್‌ನಲ್ಲಿ ತುದಿಯ ಕಣ್ಣು ಉಬ್ಬಿ ಹಸಿರು ಕಂಡಾಗ ಕೋಲನ್ನು ಒಂದರಿಂದ ಒಂದೂವರೆ ಅಡಿಗೆ ಕತ್ತರಿಸಿ. ಎಲೆ ಉದುರಿದ ಹಳೆಯ ಕಲೆಗಳ ಮೇಲ್ಗಡೆ ಕಣ್ಣುಗಳಿರುತ್ತವೆ. ಅಂಥ ಐದಾರು ಕಲೆಗಳಾದರೂ ಕೆಳಗೆ ಉಳಿದಿರಲಿ. ಚಿಗುರು ಆರಿಂಚಾದಾಗ ಚಿವುಟಿ. ಬಯಲಲ್ಲಿ ಬೆಳೆಯುವವರೂ ಗಿಡ ಒಂದು ಮೀಟರ್ ಆಗುತ್ತಲೇ ನೆತ್ತಿ ತೆಗೆದು ಐದಾರು ಕವಲು ನಿಲ್ಲಿಸಿಕೊಳ್ಳುತ್ತಾರೆ. ಮೊಗ್ಗಿನ ಗೊಂಚಲು ಕಂಡರೆ ಕಾಯಿಗೆ ಬಿಡದೆ ತೆಗೆಯಿರಿ.

ನಿಮ್ಮ ಗಿಡ ಕೊಡೆಯಾದದ್ದಕ್ಕೆ ಅಡುಗೆಮನೆಯ ಅಭ್ಯಾಸವೂ ಕಾರಣವಿರಬಹುದು. ಒಗ್ಗರಣೆಗೆಂದು ದಿನವೂ ಕೆಳಗಿನ ಒಂದೊಂದು ಎಸಳು ಕೀಳುತ್ತ, ಕುಡಿ ಹಾಳಾಗದಿರಲಿ ಎಂದು ನೆತ್ತಿಯನ್ನು ಮುಟ್ಟದೆ ಬಿಡುತ್ತೇವೆ. ತಿರುಗಿಸಿ ಮಾಡಿ: ಕುಡಿಯನ್ನೇ ಎರಡು ಮೂರು ಎಸಳು ಸಮೇತ ಕತ್ತರಿಸಿ ಬಾಣಲೆಗೆ ಹಾಕಿ, ಕೆಳಗಿನ ಎಲೆ ಬಿಡಿ.

ಪ್ರಶ್ನೆ: ಸೇವಂತಿಗೆ ಪ್ರತಿ ವರ್ಷ ಉದ್ದವಾಗಿ ಬೆಳೆದು ಹೂವಿನ ಭಾರಕ್ಕೆ ನೆಲಕ್ಕೆ ಒರಗುತ್ತದೆ. ಈ ಸಲ ಸೆಪ್ಟೆಂಬರ್ ಕೊನೆಯಲ್ಲಿ ಚಿವುಟಿದೆ. ಗಿಡ ದುಂಡಗಾಯಿತು, ಆದರೆ ಹೂವು ಬಹಳ ತಡ, ಬಂದದ್ದೂ ಕಡಿಮೆ. (ಹಾಸನ)

ಉತ್ತರ: ಚಿವುಟಿದ್ದು ಸರಿ, ತಿಂಗಳು ತಪ್ಪಿತು. ಇರುಳು ಉದ್ದವಾಗುತ್ತ ಬಂದಾಗ ಮೊಗ್ಗು ಕಟ್ಟುವ ಗಿಡ ಸೇವಂತಿಗೆ. ಮೊಗ್ಗು ರೂಪುಗೊಳ್ಳಬೇಕಾದ ಹೊತ್ತಿಗೆ ನೀವು ತುದಿ ತೆಗೆದಿರಿ. ಹೊಸ ಟಿಸಿಲು ಮೊದಲಿಂದ ಬೆಳೆದು ಆಮೇಲೆ ಮೊಗ್ಗಿಗೆ ಬರಬೇಕಾಯಿತು.

ಜೂನ್ ಜುಲೈನಲ್ಲಿ ನೆಟ್ಟ ಸಸಿಗೆ ನಾಲ್ಕು ವಾರ ತುಂಬಿ, ಗೇಣುದ್ದ ಬೆಳೆದು, ಆರೇಳು ಎಲೆ ಬಿಟ್ಟಾಗ ಮೊದಲ ಚಿವುಟು. ಹೆಬ್ಬೆರಳು ತೋರುಬೆರಳಿನ ನಡುವೆ ಅರ್ಧದಿಂದ ಒಂದಿಂಚು ಎಳೆ ತುದಿ ಮಾತ್ರ. ಕಿತ್ತಾಗ ಚಟ್ಟನೆ ಮುರಿಯಬೇಕು. ನಾರೆಳೆದರೆ ಬಲಿತ ಜಾಗಕ್ಕೆ ಇಳಿದಿದ್ದೀರಿ ಎಂದರ್ಥ, ಅಲ್ಲಿಂದ ಟಿಸಿಲು ನಿಧಾನ. ಪಕ್ಕದ ಟಿಸಿಲುಗಳು ನಾಲ್ಕೈದು ಇಂಚಾದಾಗ, ಮೂರು ನಾಲ್ಕು ವಾರದ ನಂತರ, ಎರಡನೆಯ ಚಿವುಟು. ಆಗಸ್ಟ್ ಕೊನೆಗೆ ಕೈ ಹಿಂದಕ್ಕೆ. ಜುಲೈ ಕೊನೆಯಲ್ಲಿ ನೆಟ್ಟಿದ್ದರೆ ಒಂದೇ ಚಿವುಟು ಸಾಕು. ಕುಂಡದ ನಡುವೆ ಒಂದು ದಪ್ಪ ಕೋಲಿಗಿಂತ ಅಂಚಿನಲ್ಲಿ ಮೂರು ಬಿದಿರು ಕಡ್ಡಿ ನೆಟ್ಟು ಸುತ್ತ ಸುತಳಿ ಕಟ್ಟುವುದು ಒಳ್ಳೆಯದು, ಪೊದೆ ಒಳಗೇ ನಿಲ್ಲುತ್ತದೆ.

ಬೀದಿದೀಪವನ್ನೂ ನೋಡಿಕೊಳ್ಳಿ. ರಾತ್ರಿಯಿಡೀ ದೀಪದ ಬೆಳಕು ಬೀಳುವ ಜಾಗದ ಸೇವಂತಿಗೆಗೆ ಇರುಳು ಉದ್ದವಾಗಿದೆ ಎಂದು ಗೊತ್ತೇ ಆಗುವುದಿಲ್ಲ. ಎಲೆ ಬಿಡುತ್ತ ಉದ್ದಕ್ಕೆ ಹೋಗುತ್ತದೆ. ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ಹೊಲದಲ್ಲಿ ಸಾಲಾಗಿ ಬಲ್ಬು ಉರಿಸಿ ಮೊಗ್ಗನ್ನು ಬೇಕೆಂದೇ ಮುಂದಕ್ಕೆ ತಳ್ಳುವುದು ಇದೇ ಗುಟ್ಟಿನಿಂದ.

ಪ್ರಶ್ನೆ: ದುಂಡುಮಲ್ಲಿಗೆಯನ್ನು ಯಾವಾಗ ಸವರಬೇಕು? (ದಾವಣಗೆರೆ)

ಉತ್ತರ: ಡಿಸೆಂಬರ್‌ನಿಂದ ಜನವರಿ ಮಧ್ಯದೊಳಗೆ. ಹತ್ತು ಹದಿನೈದು ದಿನ ಮೊದಲೇ ನೀರು ನಿಲ್ಲಿಸಿ, ಪೊದೆಯನ್ನು ಹಗ್ಗದಿಂದ ಒಟ್ಟಿಗೆ ಬಿಗಿದು, ನೆಲದಿಂದ ಒಂದೂವರೆ ಅಡಿಗೆ ಕತ್ತರಿಸಿ. ಒಣಗಿದ, ಹೆಣೆದುಕೊಂಡ, ಪೆನ್ಸಿಲಿಗಿಂತ ಸಣ್ಣಗಿರುವ ಕಡ್ಡಿಗಳನ್ನು ಬುಡದಿಂದಲೇ ತೆಗೆಯಿರಿ. ಆಮೇಲೆ ಬುಡ ಅಗೆದು, ಗೊಬ್ಬರ ಕೊಟ್ಟು, ನೀರು ಹಾಯಿಸಿ. ಫೆಬ್ರುವರಿಯಲ್ಲಿ ಬರುವ ಹೊಸ ಕುಡಿಗಳ ತುದಿಯಲ್ಲೇ ಬೇಸಿಗೆಯ ಮೊಗ್ಗು. ಮಾರ್ಚ್‌ನಲ್ಲಿ ನೆನಪಾಗಿ ಕತ್ತರಿಸಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತೆ.

ಪ್ರಶ್ನೆ: ಅಂಗಳದ ಆಪೂಸ್ ಮಾವಿಗೆ 25 ವರ್ಷ. ಮೂವತ್ತಡಿ ಮೀರಿದೆ, ಒಳಗೆಲ್ಲ ಕತ್ತಲೆ, ಹಣ್ಣು ಹೊರಗಿನ ತುದಿಯಲ್ಲಿ ಮಾತ್ರ. ಆಳು ಕರೆಸಿ ನಡುಮಟ್ಟಕ್ಕೆ ಕಡಿಸಬೇಕೆಂದಿದ್ದೇನೆ. ಸಂಕ್ರಾಂತಿ ಕಳೆದ ಮೇಲೆ ಮಾಡಬಹುದೇ? (ಧಾರವಾಡ)

ಉತ್ತರ: ಸಂಕ್ರಾಂತಿಗೆ ಖಂಡಿತ ಬೇಡ, ಒಂದೇ ಸಲಕ್ಕೆ ನಡುಮಟ್ಟಕ್ಕೂ ಬೇಡ.

ಮಾವಿನ ಲೆಕ್ಕ ದಾಸವಾಳದ್ದಲ್ಲ. ಮಳೆಗಾಲದಲ್ಲಿ ಬೆಳೆದು, ತಿಂಗಳುಗಟ್ಟಲೆ ಬಲಿತ ಕಡ್ಡಿಯ ತುದಿಯಲ್ಲಿ ಚಳಿಗಾಲಕ್ಕೆ ಹೂವು ಬರುತ್ತದೆ. ಜನವರಿಯಲ್ಲಿ ಕತ್ತರಿ ಹಾಕಿದರೆ ಹೂ ಬಿಡಲು ಸಿದ್ಧವಾದ ತುದಿಯೇ ಹೋಯಿತು. ಹಣ್ಣು ಇಳಿಸಿದ ಕೂಡಲೇ, ಜೂನ್‌ನಿಂದ ಜುಲೈ ಮಧ್ಯದೊಳಗೆ, ಮಳೆ ಬಿಡುವು ಕೊಟ್ಟ ದಿನ ನೋಡಿ ಮಾಡಿದರೆ ಹೊಸ ಚಿಗುರು ಬಲಿಯಲು ಕಾಲವಿರುತ್ತದೆ.

ಕೆಲಸವನ್ನು ಮೂರು ವರ್ಷಕ್ಕೆ ಹಂಚಿ. ಮೊದಲ ವರ್ಷ ನಡುವಿನಲ್ಲಿ ನೆಟ್ಟಗೆ ಏರಿದ ಒಂದೋ ಎರಡೋ ದೊಡ್ಡ ಕೊಂಬೆ ಮಾತ್ರ. ಬಿಸಿಲು ಒಳಗಿಳಿಯಲು ಕಿಂಡಿ ತೆರೆದಂತಾಗುತ್ತದೆ, ಬೋಳಾದ ಒಳಕೊಂಬೆಗಳಲ್ಲಿ ಚಿಗುರು ಕಾಣುತ್ತದೆ. ಎರಡನೆಯ, ಮೂರನೆಯ ವರ್ಷ ಉಳಿದ ಎತ್ತರದ ಕೊಂಬೆಗಳನ್ನು ಇಳಿಸಿ. ಕೊಂಬೆಯನ್ನು ಎಲ್ಲೆಂದರಲ್ಲಿ ಮೊಂಡು ಮಾಡಬಾರದು. ಪಕ್ಕಕ್ಕೆ ಚಾಚಿದ ಒಂದು ಕವಲಿನವರೆಗೆ ಬಂದು ಅಲ್ಲಿ ಕೊಯ್ಯಬೇಕು, ಆ ಕವಲು ಕೊಯ್ಯುವ ಕೊಂಬೆಯ ಮೂರನೇ ಒಂದು ಪಾಲಿನಷ್ಟಾದರೂ ದಪ್ಪವಿರಬೇಕು. ಒಂದು ವರ್ಷದಲ್ಲಿ ತೆಗೆಯುವ ಹಸಿರು ಒಟ್ಟು ಹಸಿರಿನ ಮೂರನೇ ಒಂದು ಪಾಲು ದಾಟದಿರಲಿ. ನಡುಮಟ್ಟಕ್ಕೆ ಬೋಳಿಸಿದ ಮರ ಗಾಬರಿಯಿಂದ ನೂರು ನೀರುಚಿಗುರು ಎಬ್ಬಿಸುತ್ತದೆ. ಅವು ಸಡಿಲವಾಗಿ ಅಂಟಿಕೊಂಡಿರುತ್ತವೆ, ದಪ್ಪವಾದ ಮೇಲೆ ಗಾಳಿಗೆ ಬುಡದಿಂದಲೇ ಕಳಚಿ ಬೀಳುತ್ತವೆ. ಬಿಸಿಲಿಗೆ ಸೀಳಿದ ತೊಗಟೆಯೆಂದರೆ ಕಾಂಡ ಕೊರಕಕ್ಕೆ ತೆರೆದ ಬಾಗಿಲು.

ದಪ್ಪ ಕೊಂಬೆಗೆ ಮೂರು ಕೊಯ್ತ. ಬುಡದಿಂದ ಒಂದಡಿ ಆಚೆ, ಕೆಳಗಿನಿಂದ ಮೇಲಕ್ಕೆ ಮೂರನೇ ಒಂದು ಪಾಲು ಕೊಯ್ಯಿರಿ. ಅಲ್ಲಿಂದ ಎರಡಿಂಚು ಆಚೆ ಮೇಲಿನಿಂದ ಕೆಳಕ್ಕೆ ಕೊಯ್ದಾಗ ಕೊಂಬೆ ಸಿಗಿಯದೆ ಕಳಚಿಕೊಳ್ಳುತ್ತದೆ. ಉಳಿದ ಮೋಟನ್ನು, ಕೊಂಬೆಯ ಬುಡದಲ್ಲಿ ಬಳೆಯಂತೆ ಉಬ್ಬಿರುವ ಭಾಗದ ಹೊರಗೆ, ಕೊನೆಯದಾಗಿ ಕೊಯ್ಯಿರಿ. ಗಾಯ ಮುಚ್ಚುವ ತೊಗಟೆ ಬೆಳೆಯುವುದು ಆ ಬಳೆಯಿಂದ. ಅದನ್ನೂ ನುಣ್ಣಗೆ ಕೆತ್ತಿದರೆ ಗಾಯ ಮುಚ್ಚುವುದಿಲ್ಲ, ಅರ್ಧ ಅಡಿ ಮೋಟು ಬಿಟ್ಟರೂ ಅದು ಒಣಗಿ ಕೊಳೆ ಒಳಗೆ ಸಾಗುತ್ತದೆ.

ಬೋರ್ಡೋ ಮುಲಾಮಿಗೆ 100 ಗ್ರಾಂ ಮೈಲುತುತ್ತವನ್ನು ಅರ್ಧ ಲೀಟರ್ ನೀರಿನಲ್ಲಿ, 100 ಗ್ರಾಂ ಸುಣ್ಣವನ್ನು ಇನ್ನರ್ಧ ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಎರಡನ್ನೂ ಏಕಕಾಲಕ್ಕೆ ಮೂರನೆಯ ಪಾತ್ರೆಗೆ ಸುರಿದು ಕಲಕಿ. ಪಾತ್ರೆಗಳು ಪ್ಲಾಸ್ಟಿಕ್ಕಿನದೋ ಮಣ್ಣಿನದೋ ಇರಲಿ. ಕಬ್ಬಿಣವನ್ನು ಮೈಲುತುತ್ತ ತಿನ್ನುತ್ತದೆ. ತಿಕ್ಕಿ ಹೊಳಪು ಮಾಡಿದ ಕಬ್ಬಿಣದ ಮೊಳೆಯನ್ನು ಒಂದು ನಿಮಿಷ ಅದ್ದಿ ನೋಡಿ. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು, ಇಲ್ಲದಿದ್ದರೆ ತೊಗಟೆ ಸುಡುತ್ತದೆ. ಕಲಸಿದ ದಿನವೇ ಬಳಿದು ಮುಗಿಸಿ.

ಚಿಗುರುಗಳು ಒಂದಡಿಯಾದಾಗ ಪ್ರತಿ ಕೊಯ್ತದ ಬಳಿ ಹೊರಮುಖದ ಮೂರು ನಾಲ್ಕನ್ನು ಉಳಿಸಿ ಉಳಿದವನ್ನು ತೆಗೆಯಿರಿ. ಒಂದೆರಡು ವರ್ಷ ಹಣ್ಣು ಕಡಿಮೆ, ಅದಕ್ಕೆ ಸಿದ್ಧರಿರಿ. ಮರ ಹತ್ತುವವರಿಗೆ ಸೊನೆ ಮೈಗೆ ತಾಗದಂತೆ ತುಂಬುತೋಳಿನ ಅಂಗಿ ಹಾಕಿಕೊಳ್ಳಲು ಹೇಳಿ. ಕರೆಂಟಿನ ತಂತಿಗೆ ತಾಗುವ ಕೊಂಬೆಯಿದ್ದರೆ ವಿದ್ಯುತ್ ಕಂಪನಿಯವರು ಲೈನು ನಿಲ್ಲಿಸುವವರೆಗೆ ಯಾರೂ ಮುಟ್ಟಬಾರದು.

ಪ್ರಶ್ನೆ: ತೆಂಗಿನ ಮರದ ನೆತ್ತಿ ಕತ್ತರಿಸಿದರೆ ಕವಲೊಡೆದು ಕುಳ್ಳಗಾಗುತ್ತದೆಯೇ? ಅಡಿಕೆ, ಪಪ್ಪಾಯಿಗೂ ಹೀಗೆ ಮಾಡಬಹುದೇ? (ಕುಂದಾಪುರ)

ಉತ್ತರ: ತೆಂಗು, ಅಡಿಕೆ ಸಾಯುತ್ತವೆ. ಅವಕ್ಕೆ ಇರುವುದು ಒಂದೇ ಸುಳಿ, ಕಾಂಡದಲ್ಲಿ ಏಳಲು ಬೇರೆ ಕಣ್ಣಿಲ್ಲ. ಕುಳ್ಳು ಬೇಕಿದ್ದರೆ ಗಿಡ್ಡ ತಳಿಯ ಸಸಿಯನ್ನೇ ನೆಡಬೇಕು. ಪಪ್ಪಾಯಿ ಕವಲೊಡೆಯುತ್ತದೆ, ಆದರೆ ಟೊಳ್ಳು ಕಾಂಡದೊಳಗೆ ಮಳೆನೀರು ಇಳಿದು ಕೊಳೆಯುತ್ತದೆ, ಕವಲುಗಳು ಕಾಯಿಯ ಭಾರಕ್ಕೆ ಸಿಗಿಯುತ್ತವೆ. ಹೊಸ ಸಸಿ ನೆಡುವುದೇ ಲಾಭ.

ಪ್ರಶ್ನೆ: ಸೀಬೆ ಗಿಡದ ಕೊಂಬೆಗಳೆಲ್ಲ ನೆಟ್ಟಗೆ ಮೇಲಕ್ಕೇ ಹೋಗುತ್ತವೆ. ಕತ್ತರಿಸದೆ ತಗ್ಗಿಸಲು ಉಪಾಯವಿದೆಯೇ? (ಕೋಲಾರ)

ಉತ್ತರ: ಇದೆ, ಬಾಗಿಸಿ ಕಟ್ಟುವುದು. ಪಶ್ಚಿಮ ಬಂಗಾಳದ ಸೀಬೆ ತೋಟಗಳಲ್ಲಿ ಇದು ರೂಢಿಯಲ್ಲಿದೆ. ಎರಡು ಮೂರು ವರ್ಷದ ಗಿಡದಲ್ಲಿ, ಬೆರಳು ದಪ್ಪದ ಕೊಂಬೆಯ ತುದಿಯ ಒಂದಡಿ ಎಲೆ ಬಿಟ್ಟು ಉಳಿದ ಭಾಗದ ಎಲೆ, ಹೂವು, ಕಾಯಿ ತೆಗೆಯಿರಿ. ನೆಲದಲ್ಲಿ ಗೂಟ ಹೊಡೆದು, ಕೊಂಬೆಯನ್ನು ಮೆಲ್ಲಗೆ ಬಾಗಿಸಿ ಹೆಚ್ಚುಕಡಿಮೆ ನೆಲಕ್ಕೆ ಸಮಾನಾಂತರವಾಗಿ ಕಟ್ಟಿ. ಹುರಿ ತೊಗಟೆಗೆ ಕೊರೆಯದಂತೆ ಹಳೆಯ ಬಟ್ಟೆ ಸುತ್ತಿ. ತುದಿ ಕೆಳಗಾದಾಗ ಅದರ ಯಜಮಾನಿಕೆ ಕುಗ್ಗಿ, ಕೊಂಬೆಯ ಬೆನ್ನಿನುದ್ದಕ್ಕೂ ಕಣ್ಣುಗಳು ಒಡೆಯುತ್ತವೆ. ಸೀಬೆ ಹೂ ಬಿಡುವುದು ಹೊಸ ಚಿಗುರಿನಲ್ಲೇ, ಹಾಗಾಗಿ ಗಿಡ ಅಗಲವಾಗುವುದರ ಜೊತೆ ಫಸಲೂ ಸಿಗುತ್ತದೆ. ಒಣ ಮಧ್ಯಾಹ್ನ ಬಾಗಿಸಿದರೆ ಕೊಂಬೆ ಲಟಕ್ಕೆನ್ನುತ್ತದೆ. ಹಿಂದಿನ ದಿನ ನೀರು ಕೊಟ್ಟಿರಿ. ತೋಳು ದಪ್ಪದವು ಬಾಗುವುದಿಲ್ಲ, ಅವನ್ನು ಕತ್ತರಿಸಲೇಬೇಕು.

ಪ್ರಶ್ನೆ: ಮನೆಯೊಳಗಿನ ರಬ್ಬರ್ ಗಿಡ ಚಾವಣಿ ಮುಟ್ಟಿದೆ, ಕವಲೇ ಇಲ್ಲ. (ಮಂಗಳೂರು)

ಉತ್ತರ: ಕವಲು ಬೇಕಾದ ಎತ್ತರದಲ್ಲಿ, ಎಲೆಯ ಗಿಣ್ಣಿನ ಮೇಲೆ ಕತ್ತರಿಸಿ, ಹಾಲನ್ನು ಒದ್ದೆ ಬಟ್ಟೆಯಿಂದ ಒತ್ತಿಹಿಡಿಯಿರಿ. ಒಂದರಿಂದ ಮೂರು ಕವಲು ಬರುತ್ತದೆ. ಒಂದೇ ಬಂದರೆ ಕೆಳಗಿನ ಕಣ್ಣೊಂದರ ತುಸು ಮೇಲೆ ತೊಗಟೆಯಲ್ಲಿ ಅಡ್ಡ ಕಚ್ಚು ಹಾಕಿ. ಮೇಲಿನಿಂದ ಬರುವ ಚೋದಕಕ್ಕೆ ಅಲ್ಲಿ ತಡೆಯಾಗಿ ಕೆಳಗಿನ ಕಣ್ಣು ಏಳಬಹುದು. ಮೇಲಿನ ಭಾಗ ದಂಡವಾಗಬಾರದು ಎಂದರೆ ಮೊದಲು ಗೂಟಿ ಕಟ್ಟಿ: ಒಂದಿಂಚು ಅಗಲದ ತೊಗಟೆಯ ಉಂಗುರ ತೆಗೆದು, ಒದ್ದೆ ಪಾಚಿ ಇಟ್ಟು, ಪ್ಲಾಸ್ಟಿಕ್ ಸುತ್ತಿ ಎರಡೂ ಕಡೆ ಬಿಗಿದರೆ ಆರೆಂಟು ವಾರಕ್ಕೆ ಬೇರು ಕಾಣುತ್ತದೆ. ಗಿಡವನ್ನು ಕಿಟಕಿಯ ಪಕ್ಕಕ್ಕೆ ಸರಿಸದಿದ್ದರೆ ಇಷ್ಟೆಲ್ಲ ವ್ಯರ್ಥ, ಹೊಸ ಕವಲುಗಳೂ ಬೆಳಕು ಹುಡುಕಿ ಕೋಲಾಗುತ್ತವೆ. ಎಲೆ ಕಡಿಮೆಯಾದ್ದರಿಂದ ನೀರನ್ನೂ ಕಡಿಮೆ ಮಾಡಿ. ಇದೇ ಕಾಗದದಲ್ಲಿ ಕಣಗಿಲೆಯ ಬಗ್ಗೆಯೂ ಕೇಳಿದ್ದೀರಿ: ಸವರಬಹುದು, ಚೆನ್ನಾಗಿ ಚಿಗುರುತ್ತದೆ. ಅದರ ಎಲ್ಲ ಭಾಗವೂ ವಿಷ, ಕೈಗವಸು ಹಾಕಿ, ಕಡ್ಡಿಗಳನ್ನು ಒಲೆಗೆ ಹಾಕಬೇಡಿ, ದನಕ್ಕೆ ಸಿಗುವಂತೆ ಬಿಸಾಡಬೇಡಿ.

ಪ್ರಶ್ನೆ: ತೊಗರಿ ಕುಡಿ ಚಿವುಟಿದ್ರ ಇಳುವರಿ ಹೆಚ್ಚಾಗ್ತದ ಅಂತಾರ. ಎಷ್ಟು ದಿನಕ್ಕ ಮಾಡಬೇಕು? ಕೂಲಿ ಖರ್ಚು ಹುಟ್ಟತದೇನ್ರಿ? (ಆಳಂದ, ಕಲಬುರಗಿ ಜಿಲ್ಲೆ)

ಉತ್ತರ: ಬಿತ್ತಿದ 45ರಿಂದ 50 ದಿನಕ್ಕೆ, ನೆತ್ತಿಯ ಎರಡಿಂಚು. ತೊಗರಿಯ ಹೂಗೊಂಚಲು ಬರುವುದು ಕವಲುಗಳಲ್ಲಿ, ಕವಲು ಹೆಚ್ಚಿದರೆ ಕಾಯಿ ಹೆಚ್ಚು. ಹೆಚ್ಚಿದ ಕವಲಿಗೆ ಜಾಗವೂ ಬೇಕು: ಸಾಲಿನಿಂದ ಸಾಲಿಗೆ 3ರಿಂದ 4 ಅಡಿ ಇರುವ ಹೊಲದಲ್ಲಿ ಕೂಲಿ ಹುಟ್ಟುತ್ತದೆ. ಒತ್ತಾಗಿ ಬಿತ್ತಿದಲ್ಲಿ ಕವಲುಗಳು ಒಂದಕ್ಕೊಂದು ನೆರಳಾಗಿ ಎಲೆಯಷ್ಟೇ ಬೆಳೆಯುತ್ತದೆ, ಅಲ್ಲಿ ಕೈಬಿಡಿ. ಮಳೆ ಕೈಕೊಟ್ಟು ಗಿಡ ಬಾಡಿದ್ದರೂ ಮಾಡಬೇಡಿ, ಟಿಸಿಲೊಡೆಯಲು ನೆಲದಲ್ಲಿ ಹಸಿ ಇರಬೇಕು. ಮೊಗ್ಗು ಕಂಡ ಮೇಲೆ ಚಿವುಟಿದರೆ ಮೊದಲ ಹೂವೂ ಹೋಗುತ್ತದೆ, ಬೆಳೆಯೂ ತಡವಾಗುತ್ತದೆ. ಕೂಲಿ ಸಿಗದವರು ಬ್ಯಾಟರಿಯಿಂದ ಓಡುವ ಚಿವುಟುವ ಯಂತ್ರ ಬಳಸುತ್ತಾರೆ. ಅಲಗು ಹೆಚ್ಚು ತಗ್ಗದಂತೆ ನೋಡಿಕೊಳ್ಳಬೇಕು ಅಷ್ಟೆ. ಕಡಲೆಗೆ ಇದೇ ಕೆಲಸ 30ರಿಂದ 35 ದಿನಕ್ಕೆ. ಅದನ್ನು ನಿಮ್ಮ ಕಡೆಯವರಿಗೆ ನಾವು ಕಲಿಸಬೇಕಾಗಿಲ್ಲ. ಚಿವುಟಿದ ಹುಳಿಗುಡಿ ಕಡ್ಲಿಪಲ್ಯವಾಗಿ ರೊಟ್ಟಿಯ ಜೊತೆ ತಟ್ಟೆಗೇ ಬರುತ್ತದೆ.

ಪ್ರಶ್ನೆ: ಗುಲಾಬಿ ಸವರಿದ ಕಡೆಯಿಂದ ಕಡ್ಡಿ ಕಪ್ಪಾಗಿ ಕೆಳಕ್ಕೆ ಒಣಗುತ್ತ ಬರುತ್ತದೆ. ಕಾಫಿ ತೋಟದ ಕಸಿ ಕತ್ತರಿಯನ್ನೇ ಬಳಸುತ್ತೇನೆ. (ಮೂಡಿಗೆರೆ)

ಉತ್ತರ: ಬೇರೆ ಊರಿನ ಓದುಗರಿಗೆ ಒಂದು ಮಾತು: ಕಾಫಿ ಸೀಮೆಯಲ್ಲಿ ಗಿಡ ಸವರುವುದಕ್ಕೂ ಕಸಿ ಎನ್ನುತ್ತಾರೆ, ನೆರಳು ಮರ ಸವರುವುದು ಮರಗಸಿ.

ಕಾರಣ ಮೂರರಲ್ಲಿ ಒಂದಿರಬೇಕು. ಕಣ್ಣಿನ ಮೇಲೆ ಉದ್ದ ಮೋಟು ಬಿಟ್ಟಿರಬಹುದು. ಎಲೆಯಿಲ್ಲದ ಮೋಟಿಗೆ ರಸ ಹರಿಯುವುದಿಲ್ಲ, ಅದು ಸತ್ತು ಶಿಲೀಂಧ್ರ ಅಲ್ಲಿಂದ ಇಳಿಯುತ್ತದೆ. ಕತ್ತರಿಯ ಅಲಗು ಮೊಂಡಾಗಿ ಕಡ್ಡಿ ಜಜ್ಜಿರಬಹುದು. ಅಥವಾ ರೋಗದ ಗಿಡ ಸವರಿದ ಅಲಗನ್ನೇ ಒರೆಸದೆ ತಂದಿರಬಹುದು. ಕಪ್ಪಾದ ಭಾಗವನ್ನು ಕೆಳಗಿನ ಒಳ್ಳೆಯ ಕಣ್ಣಿನವರೆಗೆ ಈಗಲೇ ಕತ್ತರಿಸಿ. ಕೊಯ್ದ ಮುಖದ ನಡುಭಾಗ ಬಿಳಿಯಾಗಿ ಕಾಣಬೇಕು. ಕಂದು ಚುಕ್ಕೆಯಿದ್ದರೆ ಇನ್ನೂ ಒಂದಿಂಚು ಕೆಳಗೆ. ಎರಡು ಅಲಗು ಒಂದರ ಪಕ್ಕ ಒಂದು ಜಾರುವ ಸಿಕೇಟರ್ ಹಸಿ ಕಡ್ಡಿಗೆ, ಅಲಗು ಚಪ್ಪಟೆ ಪಟ್ಟಿಯ ಮೇಲೆ ಬಂದು ಕೂರುವಂಥದ್ದು ಒಣಕಡ್ಡಿಗೆ. ಎರಡನೆಯ ಬಗೆ ಎಳೆ ಗುಲಾಬಿಯನ್ನು ಹಿಂಡಿಬಿಡುತ್ತದೆ. ಗಿಡದಿಂದ ಗಿಡಕ್ಕೆ ಹೋಗುವಾಗ ಸ್ಪಿರಿಟ್ ಅದ್ದಿದ ಹತ್ತಿಯಿಂದ ಅಲಗು ಒರೆಸಿ. ಬ್ಲೀಚಿಂಗ್ ನೀರು ಬಳಸಿದರೆ ಆಮೇಲೆ ತೊಳೆದು ಒಣಗಿಸಿ ಒಂದು ತೊಟ್ಟು ಎಣ್ಣೆ ಸವರಬೇಕು, ಇಲ್ಲವಾದರೆ ತುಕ್ಕು. ಮಳೆ ಹಿಡಿದಿರುವಾಗ ಗುಲಾಬಿಗೆ ಕತ್ತರಿ ಹಾಕಬೇಡಿ. ನಿಮ್ಮ ಕಡೆ ಅಕ್ಟೋಬರ್ ಕೊನೆಯವರೆಗೆ ಕಾಯುವುದು ಒಳ್ಳೆಯದು. ಕಾಡುಬೇರಿಗೆ ಗುಲಾಬಿಯನ್ನು ಕೂಡಿಸಿದ ಕಸಿಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಮಾತ್ರ ಕಂಡ ದಿನವೇ ಕಿತ್ತುಹಾಕಿ. ಅದನ್ನು ಪೊದೆಯ ಲೆಕ್ಕಕ್ಕೆ ಸೇರಿಸಿಕೊಂಡರೆ ಎರಡು ವರ್ಷದಲ್ಲಿ ಗುಲಾಬಿ ಹೋಗಿ ಕಾಡುಬೇರಿನ ಗಿಡವಷ್ಟೇ ಉಳಿಯುತ್ತದೆ.